ಹಾಸನದಿಂದ ಮಂಗಳೂರಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಒಂದು ರೈಲು ಕೊಡಿ

ಸಂಪಾದಕರಿಗೆ ನಮಸ್ಕಾರ.

ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿಲೋಮೀಟರ್. ಬೆಂಗಳೂರಿಗೂ ಹೆಚ್ಚುಕಮ್ಮಿ ಅಷ್ಟೇ. ಬೆಂಗಳೂರಿಗಾದರೆ ಬೆಳಿಗ್ಗೆ ಎದ್ದು ಹೊರಟು, ಕೆಲಸ ಮುಗಿಸಿ, ರಾತ್ರಿ ಊಟಕ್ಕೆ ಮನೆಗೆ ಬಂದುಬಿಡುತ್ತೇವೆ. ಮಂಗಳೂರು ಅಂದರೆ ಮಾತ್ರ ಎರಡು ದಿನ ಮೊದಲೇ ಮನೆಯಲ್ಲಿ ಮಾತು ಶುರುವಾಗುತ್ತದೆ. ಘಾಟಿ ಹೇಗಿದೆಯಂತೆ? ಮಳೆ ಬಂತಾ? ಬಸ್ಸಾ, ರೈಲಾ, ಕಾರು ಮಾಡಿಕೊಳ್ಳೋಣವಾ? ರಾತ್ರಿ ಎಲ್ಲಿ ಉಳಿಯೋದು?

ಈ ಪತ್ರ ಬರೆಯೋಕೆ ಕಾರಣ ನನ್ನ ಅಮ್ಮ. ಅವರಿಗೆ ಮಂಗಳೂರಿನಲ್ಲಿ ಹೃದಯದ ವಾಲ್ವ್ ಆಪರೇಷನ್ ಆಗಿದೆ. ಎರಡು ತಿಂಗಳಿಗೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು. ಡಾಕ್ಟರು ನೋಡುವುದು ಹತ್ತು ನಿಮಿಷ, ರಕ್ತ ಕೊಟ್ಟು ರಿಪೋರ್ಟ್ ಬರುವುದಕ್ಕೆ ಎರಡು ಮೂರು ಗಂಟೆ. ಅಷ್ಟು ಕೆಲಸಕ್ಕೆ ನಮಗೆ ಎರಡು ದಿನ, ಕೆಲವು ಸಲ ಮೂರು ದಿನ ಹಿಡಿಯುತ್ತದೆ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯಿಂದ ಎಷ್ಟೊಂದು ಜನ ದೊಡ್ಡ ಕಾಯಿಲೆ ಅಂದರೆ ಘಟ್ಟ ಇಳಿಯುತ್ತಾರೆ. ಮಕ್ಕಳನ್ನು ಓದೋಕೆ ಅಲ್ಲಿಗೆ ಕಳಿಸಿದ್ದೇವೆ. ಗಲ್ಫ್‌ಗೆ ಹೋಗುವವರು ಬಜ್ಪೆಯಲ್ಲಿ ವಿಮಾನ ಹತ್ತುತ್ತಾರೆ. ನಮ್ಮ ಮಾರ್ಕೆಟ್ಟಿಗೆ ಬಂಗುಡೆ, ಬೂತಾಯಿ ಬರುವುದು ಅಲ್ಲಿಂದಲೇ. ಅಲ್ಲಿಯವರು ಹಾಸನಾಂಬೆ ಬಾಗಿಲು ತೆಗೆದಾಗ ಇಲ್ಲಿಗೆ ಬರುತ್ತಾರೆ. ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತ ಮಾತಿಗೆ ಹೇಳುತ್ತೇವೆ ಅಷ್ಟೇ, ಬದುಕು ಒಂದಕ್ಕೊಂದು ಹೆಣೆದುಕೊಂಡಿದೆ.

ಮೊದಲು ರೈಲಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬೇಡಿಕೆ ಇರುವುದೇ ಅದರ ಬಗ್ಗೆ.

ಹಾಸನ ಮಂಗಳೂರು ರೈಲು ದಾರಿ ಶುರುವಾಗಿದ್ದು 1979ರಲ್ಲಿ. ಆಗ ಮೀಟರ್‌ಗೇಜ್. ಅಪ್ಪ ಆ ರೈಲಿನಲ್ಲಿ ಹೋದ ಕಥೆಯನ್ನು ನಾವು ಚಿಕ್ಕವರಿದ್ದಾಗ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಎಡಕುಮೇರಿಯಲ್ಲಿ ರೈಲು ನಿಂತಾಗ ಕಾಡು ಬಿಟ್ಟರೆ ಸುತ್ತ ಏನೂ ಇರಲಿಲ್ಲವಂತೆ, ನೀರಿನ ಸದ್ದೊಂದೇ ಕೇಳುತ್ತಿತ್ತಂತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ಘಾಟಿ, ಅದರಲ್ಲಿ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆ ಅಂತ ಆ ರೈಲು ನಿಲ್ಲಿಸಿದರು. ಮತ್ತೆ ಪ್ರಯಾಣಿಕರ ರೈಲು ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ ಕಾದೆವು. ಆಮೇಲೆ 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ದಾರಿ ಆಯಿತು. ಅಂದರೆ ಹಳಿ ಇದೆ, ಸುರಂಗ ಇದೆ, ಸ್ಟೇಷನ್ ಇದೆ. ನಮಗೆ ಹೊಂದುವ ರೈಲು ಮಾತ್ರ ಇಲ್ಲ.

ರೈಲುಗಳೇ ಇಲ್ವಾ ಅಂದರೆ ಇವೆ. ಆದರೆ ಅವೆಲ್ಲ ಬೆಂಗಳೂರಿನ ಗಡಿಯಾರ ನೋಡಿ ಓಡುವ ರೈಲುಗಳು. ರಾತ್ರಿ ರೈಲು ಬೆಂಗಳೂರಿನವರಿಗೆ ಬಹಳ ಚೆನ್ನಾಗಿದೆ. ಊಟ ಮಾಡಿ ಹತ್ತಿದರೆ ಬೆಳಿಗ್ಗೆ ಮಂಗಳೂರು. ಅದೇ ರೈಲು ಹಾಸನಕ್ಕೆ ಬರುವ ಹೊತ್ತಿಗೆ ನಡುರಾತ್ರಿ. ಸಕಲೇಶಪುರದವರಿಗೆ ಇನ್ನೂ ಕಷ್ಟ. ಎಪ್ಪತ್ತು ವರ್ಷದ ಅಮ್ಮನನ್ನು ನಡುರಾತ್ರಿ ಎಬ್ಬಿಸಿ, ಸ್ವೆಟರ್ ಹಾಕಿಸಿ, ಪ್ಲಾಟ್‌ಫಾರಂನಲ್ಲಿ ಕೂರಿಸಿಕೊಂಡು ಕಾಯಬೇಕು. ರೈಲು ಬಂದ ಮೇಲೆ ಕತ್ತಲೆ ಬೋಗಿಯಲ್ಲಿ ನಮ್ಮ ಬರ್ತ್ ಹುಡುಕಬೇಕು. ಅಲ್ಲಿ ಮಲಗಿದ್ದವರನ್ನು ಎಬ್ಬಿಸಬೇಕು. ಅವರಿಗೂ ಬೇಜಾರು, ನಮಗೂ ಬೇಜಾರು. ವಾಪಸ್ ಬರುವಾಗಲೂ ಇದೇ ಕಥೆ, ಸಂಜೆ ಕಳೆದು ಮಂಗಳೂರು ಬಿಟ್ಟ ರೈಲು ನಮ್ಮನ್ನು ಹಾಸನದಲ್ಲಿ ಇಳಿಸುವುದು ಮತ್ತೆ ಅಂಥದೇ ಹೊತ್ತಿನಲ್ಲಿ. ಆಟೋ ಸಿಗುವುದಿಲ್ಲ, ಸಿಕ್ಕರೆ ಕೇಳಿದಷ್ಟು ಕೊಡಬೇಕು. ಒಂದು ಆಸ್ಪತ್ರೆ ಭೇಟಿಗೆ ಎರಡು ರಾತ್ರಿ ನಿದ್ದೆ ಹೋಯಿತು. ಅದೂ ಟಿಕೆಟ್ ಸಿಕ್ಕರೆ. ನಾನು ಹಾಸನದಿಂದ ಬುಕ್ ಮಾಡಿದಾಗಲೆಲ್ಲ ವೇಟಿಂಗ್ ಲಿಸ್ಟೇ ಜಾಸ್ತಿ.

ಹಗಲು ರೈಲಿನಲ್ಲಿ ಹೋಗಿ ಅಂತ ಕೆಲವರು ಹೇಳುತ್ತಾರೆ. ಗೋಮಟೇಶ್ವರ ಎಕ್ಸ್‌ಪ್ರೆಸ್ ಇದೆ, ಕಾರವಾರದ ರೈಲಿದೆ. ಯಶವಂತಪುರದಿಂದ ಬೆಳಿಗ್ಗೆ ಹೊರಟು ಇಲ್ಲಿಗೆ ಬಂದು, ಘಾಟಿ ಇಳಿದು, ಮಂಗಳೂರು ಜಂಕ್ಷನ್ ಮುಟ್ಟುವುದು ಮಧ್ಯಾಹ್ನದ ಊಟದ ಹೊತ್ತು ಕಳೆದ ಎಷ್ಟೋ ಹೊತ್ತಿನ ಮೇಲೆ. ಅಷ್ಟರಲ್ಲಿ ಆಸ್ಪತ್ರೆಯ ಒಪಿಡಿ ಮುಗಿದಿರುತ್ತದೆ, ಕಚೇರಿಗಳೂ ಮುಚ್ಚುವ ಹೊತ್ತು. ಆ ಕಡೆಯಿಂದ ಬರುವ ಹಗಲು ರೈಲು ಮಧ್ಯಾಹ್ನಕ್ಕೆ ಮುಂಚೆಯೇ ಮಂಗಳೂರು ಬಿಟ್ಟಿರುತ್ತದೆ. ಹಾಗಾಗಿ ರಾತ್ರಿ ಉಳಿಯಲೇಬೇಕು, ಲಾಡ್ಜ್ ಮಾಡಲೇಬೇಕು. ಆ ರೈಲು ನೋಡೋಕೆ ಚಂದ. ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ, 2021ರಿಂದ ಓಡುತ್ತಿದೆ, ಗಾಜಿನ ಕಿಟಕಿಯಲ್ಲಿ ಕಾಡು, ಜಲಪಾತ ನೋಡಿಕೊಂಡು ಹೋಗಬಹುದು. ಮಕ್ಕಳ ಜೊತೆ ಒಂದು ಸಲ ಹೋಗಿ ಬಂದೆವು, ತುಂಬಾ ಖುಷಿಯಾಯಿತು. ಪ್ರವಾಸಿಗಳಿಗೆ ಇಷ್ಟು ಚೆನ್ನಾಗಿ ಯೋಚನೆ ಮಾಡಿದವರು ದಾರಿಯಲ್ಲಿ ಬದುಕುವವರ ಬಗ್ಗೆಯೂ ಯೋಚಿಸಬೇಕು ಅಲ್ವಾ?

ನಾನು ಕೇಳುವುದು ಇಷ್ಟೇ. ಹಾಸನದಿಂದ ಬೆಳಿಗ್ಗೆ ಐದಕ್ಕೆ ಹೊರಡುವ ಒಂದು ರೈಲು. ಆಲೂರು, ಬಾಳ್ಳುಪೇಟೆ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಪುತ್ತೂರು, ಬಂಟ್ವಾಳದಲ್ಲಿ ನಿಲ್ಲಲಿ. ಹತ್ತೂವರೆ, ಹನ್ನೊಂದರ ಒಳಗೆ ಮಂಗಳೂರು ಮುಟ್ಟಲಿ. ಸಂಜೆ ನಾಲ್ಕೂವರೆಗೆ ಅಲ್ಲಿಂದ ಹೊರಟರೆ ರಾತ್ರಿ ಹತ್ತೂವರೆ ಹೊತ್ತಿಗೆ ಮನೆ. ಸ್ಲೀಪರ್ ಬೇಡ, ಎಸಿ ಬೇಡ, ಕೂರುವ ಸೀಟಿನ ಎಂಟು ಹತ್ತು ಬೋಗಿ ಸಾಕು. ಘಾಟಿಯಲ್ಲಿ ರೈಲು ನಿಧಾನ ಹೋಗಬೇಕು, ಕಡಿದಾದ ಏರು, 50 ಮೀಟರ್ ಹೋದರೆ ಒಂದು ಮೀಟರ್ ಮೇಲೆ ಏರುತ್ತದೆ, ಸಾಮಾನು ರೈಲುಗಳಿಗೆ ಹಿಂದಿನಿಂದ ಇಂಜಿನ್ ಕೊಟ್ಟು ತಳ್ಳಬೇಕು. ಒಂದೇ ಹಳಿ, ಬಂದರಿನಿಂದ ಬರುವ ಗೂಡ್ಸ್ ರೈಲಿಗೂ ಅದೇ ದಾರಿ. ಇದೆಲ್ಲ ನನಗೂ ಗೊತ್ತು. ಅದಕ್ಕೇ ಒಂದೇ ಒಂದು ರೈಲು ಕೇಳುತ್ತಿದ್ದೇನೆ, ನಾಲ್ಕು ಕೇಳುತ್ತಿಲ್ಲ. ವಿದ್ಯುತ್ ತಂತಿ ಎಳೆಯುವ ಕೆಲಸಕ್ಕೆ ಅಂತ 2025ರ ಜೂನ್‌ನಿಂದ ತಿಂಗಳುಗಟ್ಟಲೆ ಹಗಲು ರೈಲು ನಿಲ್ಲಿಸಿದ್ದರು, ಆಗ ನಾವು ಯಾರೂ ರಸ್ತೆಗೆ ಇಳಿಯಲಿಲ್ಲ. ಒಳ್ಳೆಯದಾಗುತ್ತದೆ ಅಂತ ಸುಮ್ನೆ ಸಹಿಸಿಕೊಂಡೆವು.

ಇನ್ನೊಂದು ಮಾತು. ಮಂಗಳೂರಿನಿಂದ ಪುತ್ತೂರಿನವರೆಗೆ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನು 2025ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ತಂದರು. ಅಂದರೆ ಘಟ್ಟದ ಬುಡದ ನೆಟ್ಟಣಕ್ಕೆ ಬಂದು ನಿಂತಿದೆ. ಅಲ್ಲಿಂದ ಹಾಸನಕ್ಕೆ ಇನ್ನು ನೂರು ಕಿಲೋಮೀಟರ್‌ನ ಆಸುಪಾಸು. ಕೆಳಗಿನವರು ವರ್ಷಗಟ್ಟಲೆ ಕೇಳಿ ಕೇಳಿ ಪಡೆದುಕೊಂಡರು, ಅವರಿಗೆ ಅಭಿನಂದನೆ. ನಾವು ಮೇಲಿನವರು ಗಟ್ಟಿಯಾಗಿ ಕೇಳಿಲ್ಲ, ಅದು ನಮ್ಮ ತಪ್ಪು.

ಈಗ ರಸ್ತೆ. ರಸ್ತೆಯನ್ನೇ ನಂಬಿದವರಿಗೆ ಏನಾಗಿದೆ ಅಂತ ಹಾಸನದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಶಿರಾಡಿ ಘಾಟಿಗೆ ಕಾಂಕ್ರೀಟ್ ಹಾಕಲು 2015ರಲ್ಲಿ ಜನವರಿಯಿಂದ ತಿಂಗಳುಗಟ್ಟಲೆ ಮುಚ್ಚಿದರು. ಎರಡನೇ ಹಂತಕ್ಕೆ 2018ರಲ್ಲಿ ಮತ್ತೆ ಮುಚ್ಚಿದರು. ಜುಲೈನಲ್ಲಿ ತೆರೆದರು ಅಂತ ಖುಷಿಪಟ್ಟಿದ್ದೆವು, ಆಗಸ್ಟ್‌ನ ಆ ಭಯಂಕರ ಮಳೆಗೆ ಗುಡ್ಡ ಕುಸಿದು ಮತ್ತೆ ಬಂದ್. 2024ರ ಜುಲೈನಲ್ಲಿ ದೊಡ್ಡತಪ್ಲು ಹತ್ತಿರ ಮಣ್ಣು ರಸ್ತೆ ಮೇಲೆ ಬಂದು ವಾಹನಗಳು ಸಿಕ್ಕಿಕೊಂಡವು. ಅದೇ ತಿಂಗಳು ಎಡಕುಮೇರಿ, ಕಡಗರವಳ್ಳಿ ನಡುವೆ ರೈಲು ಹಳಿಯ ಬುಡದ ಮಣ್ಣೂ ಜಾರಿತು. ರಸ್ತೆಯೂ ಇಲ್ಲ, ರೈಲೂ ಇಲ್ಲ. ಅಮ್ಮನ ಚೆಕಪ್ ಆ ಸಲ ಮೂರು ವಾರ ಮುಂದೆ ಹೋಯಿತು. ರಕ್ತ ತೆಳುವಾಗಿಡುವ ಮಾತ್ರೆ ತಿನ್ನುವವರಿಗೆ ಮೂರು ವಾರ ಅಂದರೆ ಸಣ್ಣ ಮಾತಲ್ಲ. ಫೋನಿನಲ್ಲೇ ಡಾಕ್ಟರನ್ನು ಕೇಳಿಕೊಂಡು, ಇಲ್ಲೇ ರಕ್ತ ಪರೀಕ್ಷೆ ಮಾಡಿಸಿಕೊಂಡು, ಹೇಗೋ ದಿನ ದೂಡಿದೆವು.

ಅಲ್ಲಿನ ಮಣ್ಣು ಎಂಥದು ಅಂತ ಆ ಕಡೆ ತೋಟ ಇರುವವರನ್ನು ಕೇಳಿ. ನೀರು ಕುಡಿದರೆ ಮಣ್ಣು ಬೆಣ್ಣೆ ಥರ ಆಗುತ್ತದೆ. ಗುಡ್ಡವನ್ನು ಗೋಡೆ ಹಾಗೆ ನೆಟ್ಟಗೆ ಕಡಿದರೆ ಅದು ನಿಲ್ಲುವುದಿಲ್ಲ, ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಹಾಸನದಿಂದ ಮಾರನಹಳ್ಳಿವರೆಗೆ 45 ಕಿಲೋಮೀಟರ್ ಚತುಷ್ಪಥ ಮಾಡುವ ಕೆಲಸ 2017ರಿಂದ ಎಷ್ಟು ಎಳೆದಾಡಿತು ಅಂತ ಎಲ್ಲರೂ ನೋಡಿದ್ದಾರೆ. ಸುರಂಗ ಮಾಡುತ್ತೇವೆ ಅಂತ ಎಷ್ಟೋ ವರ್ಷದಿಂದ ಮಾತಾಡುತ್ತಿದ್ದಾರೆ. ಆಗಲಿ, ಬೇಡ ಅನ್ನುವುದಿಲ್ಲ, ಕಾಡು ಉಳಿಸಿಕೊಂಡು ಮಾಡಲಿ. ಅದು ಆಗುವ ಹೊತ್ತಿಗೆ ನನ್ನ ಅಮ್ಮ ಇರುತ್ತಾರೋ ಇಲ್ಲವೋ. ರೈಲಿಗೆ ಹೊಸ ಸುರಂಗ ಕೊರೆಯಬೇಕಾಗಿಲ್ಲ, 57 ಆಗಲೇ ಇವೆ.

ಬಸ್ಸಿನ ಬಗ್ಗೆ ದೂರು ಹೇಳಲು ನನಗೆ ಮನಸ್ಸಿಲ್ಲ. ಆ ಘಾಟಿಯಲ್ಲಿ ಕೆಂಪು ಬಸ್ಸು ಓಡಿಸುವ ಡ್ರೈವರ್‌ಗಳಿಗೆ ಕೈ ಮುಗಿಯಬೇಕು. ಮಂಜು, ಮಳೆ, ಎದುರಿಗೆ ಗ್ಯಾಸ್ ಟ್ಯಾಂಕರ್ ಸಾಲು, ಇದರ ಮಧ್ಯೆ ದಿನಾ ಹತ್ತಿ ಇಳಿಯುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಅಮ್ಮನಿಗೆ ಟಿಕೆಟ್ ಖರ್ಚಿಲ್ಲ, ಅದೊಂದು ದೊಡ್ಡ ಸಹಾಯ. ತೊಂದರೆ ಏನೆಂದರೆ ಬೆಂಗಳೂರಿನಿಂದ ಬರುವ ಬಸ್ಸುಗಳು ಶನಿವಾರ, ಭಾನುವಾರ ಇಲ್ಲಿಗೆ ಬರುವಾಗಲೇ ತುಂಬಿರುತ್ತವೆ. ಮಾರನಹಳ್ಳಿಯಿಂದ ಗುಂಡ್ಯದವರೆಗೆ ತಿರುವಿನ ಮೇಲೆ ತಿರುವು. ನಿಂತುಕೊಂಡು ಹೋಗುವುದು ಆರೋಗ್ಯ ಇದ್ದವರಿಗೇ ಕಷ್ಟ. ಗೊತ್ತಿಲ್ಲದವರಿಗೆ ಒಂದು ದಾರಿ ಹೇಳುತ್ತೇನೆ: ಮಂಗಳೂರು ಬೋರ್ಡಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಧರ್ಮಸ್ಥಳದ ಬಸ್ಸು ಹತ್ತಿಬಿಡಿ. ಧರ್ಮಸ್ಥಳದಿಂದ ಮಂಗಳೂರಿಗೆ ಬಸ್ಸಿಗೆ ಕೊರತೆ ಇಲ್ಲ. ಸ್ವಲ್ಪ ಸುತ್ತಾಗುತ್ತದೆ, ಆದರೆ ಕೂತು ಹೋಗಬಹುದು. ಮಂಜುನಾಥನ ದರ್ಶನವೂ ಆದೀತು. ಹಾಸನ ಡಿಪೋದಿಂದಲೇ ನಸುಕಿನಲ್ಲಿ ಹೊರಡುವ ಒಂದೆರಡು ಬಸ್ಸು ಜಾಸ್ತಿ ಹಾಕಿ, ಹಾಸನದವರಿಗೆ ಸೀಟು ಇಟ್ಟರೆ ಈಗಿನ ಮಟ್ಟಿಗೆ ಅರ್ಧ ಕಷ್ಟ ಕಳೆಯುತ್ತದೆ.

ಒಂದು ಸಲ ಖಾಸಗಿ ಸ್ಲೀಪರ್ ಬಸ್ಸಿಗೂ ಬುಕ್ ಮಾಡಿದ್ದೆ. ರಾತ್ರಿ ಒಂದೂವರೆಗೆ ಬೈಪಾಸ್‌ಗೆ ಬನ್ನಿ ಅಂದರು. ಹೋದೆವು. ಬಸ್ಸು ಬಂದಿದ್ದು ಮೂರೂ ಕಾಲಿಗೆ. ಆ ಬೈಪಾಸ್‌ನಲ್ಲಿ ಕೂರುವುದಕ್ಕೆ ಒಂದು ಕಲ್ಲುಬೆಂಚೂ ಇಲ್ಲ, ಶೌಚಾಲಯದ ಮಾತಂತೂ ದೂರ. ಅಮ್ಮ ಚೀಲದ ಮೇಲೆ ಕೂತಿದ್ದರು. ಫೋನ್ ಮಾಡಿದರೆ ಹತ್ತು ನಿಮಿಷ, ಹತ್ತು ನಿಮಿಷ ಅನ್ನುತ್ತಲೇ ಇದ್ದರು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಆ ಸಹವಾಸ ಬೇಡ ಅಂತ. ಹೆಸರು ಹೇಳುವುದಿಲ್ಲ, ಒಬ್ಬರದೇ ತಪ್ಪೂ ಅಲ್ಲ. ನಗರದ ಒಳಗೆ ಬಾರದೆ ಬೈಪಾಸ್‌ನಲ್ಲೇ ಹತ್ತಿಸಿಕೊಂಡು ಹೋಗುವ ಬಸ್ಸುಗಳಿಗೆ ಅಲ್ಲೊಂದು ದೀಪ, ಒಂದು ಚಾವಣಿ ಇರುವ ನಿಲ್ದಾಣ ಬೇಕು.

ಚಿಕ್ಕಮಗಳೂರು ಕಡೆಯವರ ಕಷ್ಟ ಇನ್ನೂ ಬೇರೆ. ನನ್ನ ತಂಗಿ ಮೂಡಿಗೆರೆ ಹತ್ತಿರ ಇದ್ದಾಳೆ, ಅವಳ ಮಗ ಮಂಗಳೂರಿನಲ್ಲಿ ಓದುತ್ತಿದ್ದಾನೆ. ಅವರಿಗೆ ಇರುವುದು ಚಾರ್ಮಾಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಅಣ್ಣಪ್ಪನ ಗುಡಿ ಮುಂದೆ ಕೈ ಮುಗಿದು ಇಳಿದರೆ ಉಜಿರೆ, ಬೆಳ್ತಂಗಡಿ, ಬಿ.ಸಿ. ರೋಡ್, ಮಂಗಳೂರು. ದೂರ ನೋಡಿದರೆ ಹತ್ತಿರವೇ. ಆದರೆ 2019ರ ಆಗಸ್ಟ್ ಮಳೆಯಲ್ಲಿ ಆ ಘಾಟಿ ಎಷ್ಟು ಕಡೆ ಕುಸಿಯಿತು ಅಂದರೆ ತಿಂಗಳುಗಟ್ಟಲೆ ಬಸ್ಸೇ ಇರಲಿಲ್ಲ. ಆಮೇಲೂ ದೊಡ್ಡ ಗಾಡಿಗೆ ನಿರ್ಬಂಧ, ರಾತ್ರಿ ಸಂಚಾರಕ್ಕೆ ನಿರ್ಬಂಧ, ಹೀಗೆ ಒಂದಲ್ಲ ಒಂದು. ಅದು ಮುಚ್ಚಿದರೆ ಕಳಸ, ಕುದುರೆಮುಖ ಸುತ್ತಿ ಕಾರ್ಕಳಕ್ಕೆ ಇಳಿಯಬೇಕು, ಇಲ್ಲಾ ಸಕಲೇಶಪುರಕ್ಕೆ ಬಂದು ಶಿರಾಡಿ ಹಿಡಿಯಬೇಕು. ಶೃಂಗೇರಿ, ಕೊಪ್ಪದವರು ಆಗುಂಬೆ ಇಳಿಯುತ್ತಾರೆ, ಅಲ್ಲೂ 14 ತಿರುವು, ಭಾರಿ ವಾಹನ ಬಿಡುವುದಿಲ್ಲ. ಬಿಸಿಲೆ ದಾರಿ ಇದೆಯಲ್ಲ ಅಂತ ಹೇಳುವವರೂ ಇದ್ದಾರೆ. ಹಗಲು ಹೊತ್ತು, ಮಳೆ ಇಲ್ಲದಾಗ, ಸಣ್ಣ ಕಾರಿಗೆ ಸರಿ. ಕಾಯಿಲೆಯವರನ್ನು ಕೂರಿಸಿಕೊಂಡು ಆ ಕಡೆ ಹೋಗಬೇಡಿ ಅಂತಲೇ ನಾನು ಹೇಳುವುದು.

ಚಿಕ್ಕಮಗಳೂರಿಗೆ ರೈಲು ಬಂದಿದ್ದೇ 2013ರಲ್ಲಿ, ಅದೂ ಕಡೂರಿನ ಕಡೆಯಿಂದ. ಕರಾವಳಿಗೆ ಹೋಗುವುದಕ್ಕೆ ಅದರಿಂದ ಉಪಯೋಗ ಇಲ್ಲ. ಈಗ ಬೇಲೂರಿನ ಮೇಲೆ ಹಾಸನಕ್ಕೆ ಜೋಡಿಸುವ ಮಾರ್ಗದ ಕೆಲಸ ಇದೆ. ಅದು ಬೇಗ ಮುಗಿದರೆ ನಾನು ಕೇಳುತ್ತಿರುವ ಬೆಳಗಿನ ರೈಲನ್ನು ಚಿಕ್ಕಮಗಳೂರಿನಿಂದಲೇ ಬಿಡಬಹುದು. ಚಿಕ್ಕಮಗಳೂರು, ಬೇಲೂರು, ಹಾಸನ, ಸಕಲೇಶಪುರ, ಮಂಗಳೂರು. ಎರಡು ಜಿಲ್ಲೆಯ ಜನಕ್ಕೆ ಒಂದೇ ರೈಲು. ಇದನ್ನು ನಮ್ಮ ಎರಡೂ ಕ್ಷೇತ್ರದ ಸಂಸದರು ಒಟ್ಟಿಗೆ ಕೂತು ಕೇಳಬೇಕು. ಪಕ್ಷ ಯಾವುದಾದರೂ ಇರಲಿ, ರೈಲಿನಲ್ಲಿ ಕೂರುವವರು ಎಲ್ಲ ಪಕ್ಷದವರೂ ಇರುತ್ತಾರೆ.

ವಿಮಾನದ ವಿಷಯ ಎರಡೇ ಮಾತಿನಲ್ಲಿ. ಹಾಸನದವರಿಗೆ ದೇವನಹಳ್ಳಿಗಿಂತ ಬಜ್ಪೆ ಹತ್ತಿರ, ಸಕಲೇಶಪುರದವರಿಗಂತೂ ಇನ್ನೂ ಹತ್ತಿರ. ಆದರೂ ನಮ್ಮವರು ಬೆಂಗಳೂರಿಗೇ ಹೋಗುತ್ತಾರೆ, ಯಾಕೆಂದರೆ ಘಾಟಿಯನ್ನು ನಂಬಿ ವಿಮಾನದ ಟಿಕೆಟ್ ಮಾಡುವ ಧೈರ್ಯ ಇಲ್ಲ.

ಇನ್ನೊಂದು ಸಣ್ಣ ಕೋರಿಕೆ, ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಮಳೆಗಾಲದಲ್ಲಿ ಘಾಟಿ ತೆರೆದಿದೆಯೋ ಮುಚ್ಚಿದೆಯೋ ಅನ್ನುವುದು ನಮಗೆ ಗೊತ್ತಾಗುವುದು ವಾಟ್ಸಾಪ್‌ನಲ್ಲಿ. ಅದರಲ್ಲಿ ಹೋದ ವರ್ಷದ ವಿಡಿಯೊ ಇವತ್ತಿನದು ಅಂತ ಓಡಾಡುತ್ತಿರುತ್ತದೆ. ಒಂದು ಜಿಲ್ಲೆಯ ಆದೇಶ ಬಂದಿರುತ್ತದೆ, ಇನ್ನೊಂದು ಜಿಲ್ಲೆಯದು ಬಂದಿರುವುದಿಲ್ಲ. ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಬಸ್ ನಿಲ್ದಾಣಗಳಲ್ಲಿ ಒಂದೊಂದು ದೊಡ್ಡ ಬೋರ್ಡ್ ಹಾಕಿ. ಶಿರಾಡಿ, ಚಾರ್ಮಾಡಿ, ರೈಲು ಮಾರ್ಗ, ಮೂರರದ್ದೂ ಇವತ್ತಿನ ಸ್ಥಿತಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರೆಯಿರಿ. ಮಂಗಳೂರಿನ ಬಿಜೈ ಬಸ್ ನಿಲ್ದಾಣದಲ್ಲೂ ಹಾಕಿದರೆ ಅಲ್ಲಿಂದ ವಾಪಸ್ ಹೊರಟವರಿಗೂ ಗೊತ್ತಾಗುತ್ತದೆ. ಗುಂಡ್ಯದವರೆಗೆ ಬಂದು, ಮುಂದೆ ದಾರಿ ಇಲ್ಲ ಅಂತ ತಿಳಿದು, ರಾತ್ರಿಯೆಲ್ಲ ಬಸ್ಸಿನಲ್ಲೇ ಕೂತವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರಲ್ಲಿ ಹಾಲು ಕುಡಿಯುವ ಮಗು ಇದ್ದ ತಾಯಿಯೊಬ್ಬಳಿದ್ದಳು. ಅಕ್ಕಪಕ್ಕದ ಮನೆಯವರು ಬಿಸಿನೀರು ತಂದುಕೊಟ್ಟರು.

ರೈಲ್ವೆ ಅಧಿಕಾರಿಗಳು ಈ ಪತ್ರ ಓದಿದರೆ ಒಂದು ವಿನಂತಿ. ಕಾಯಂ ರೈಲು ಈಗಲೇ ಆಗದಿದ್ದರೆ, ಮಳೆ ನಿಂತ ಮೇಲೆ ನವೆಂಬರ್‌ನಿಂದ ಮೇವರೆಗೆ ಪ್ರಯೋಗಕ್ಕೆ ಅಂತ ಓಡಿಸಿ ನೋಡಿ. ವಾರಕ್ಕೆ ಮೂರು ದಿನ ಆದರೂ ಸರಿ. ಸೀಟು ತುಂಬುತ್ತದೋ ಇಲ್ಲವೋ ನೀವೇ ಲೆಕ್ಕ ಹಾಕಿ. ಹಾಸನ ಸ್ಟೇಷನ್‌ನಲ್ಲಿ ಒಂದು ಪುಸ್ತಕ ಇಟ್ಟು ಜನರ ಅಭಿಪ್ರಾಯ ಬರೆಸಿ, ಮೊದಲ ಸಹಿ ನನ್ನದು.

ಅಮ್ಮನ ಮುಂದಿನ ಚೆಕಪ್ ಬರುವ ತಿಂಗಳ ಎರಡನೇ ಮಂಗಳವಾರ. ರಾತ್ರಿ ರೈಲಿಗೆ ಟಿಕೆಟ್ ಮಾಡಿದ್ದೇನೆ, ವೇಟಿಂಗ್ ಲಿಸ್ಟ್ ಹದಿನೇಳು, ಹದಿನೆಂಟು ಅಂತ ತೋರಿಸುತ್ತಿದೆ.

ಒಬ್ಬ ಓದುಗ, ಹಾಸನ